ಎಣ್ಣೆ ಎಲ್ಲಿಂದ ಸೋರುತ್ತಿದೆ?

ಕೊಡ ಸೋರುತ್ತಿದೆ. ತೂತು ಎಲ್ಲಿದೆ ಎಂದು ನೀವು ಹೇಗೆ ಹುಡುಕುತ್ತೀರಿ?

ಒದ್ದೆ ಕೊಡವನ್ನು ಹಾಗೇ ನೋಡಿದರೆ ತಿಳಿಯುವುದಿಲ್ಲ. ಅದರ ಮೈಯೆಲ್ಲ ನೀರಾಗಿರುತ್ತದೆ. ಮೊದಲು ಹೊರಗೆಲ್ಲ ಚೆನ್ನಾಗಿ ಒರೆಸುತ್ತೀರಿ. ಆಮೇಲೆ ನೀರು ತುಂಬಿ ಕಾಯುತ್ತೀರಿ. ಒಂದು ಕಡೆ ಸಣ್ಣ ಹನಿ ಮೂಡುತ್ತದೆ. ಅಲ್ಲೇ ತೂತು.

ಬೈಕಿನ ಇಂಜಿನ್ ಸೋರಿದರೂ ಇದೇ ದಾರಿ. ಒರೆಸಿ, ಓಡಿಸಿ, ನೋಡಿ. ಈ ಪಾಠದಲ್ಲಿ ಅದನ್ನು ಕಲಿಯೋಣ.

ಬೈಕಿನ ವಿಷಯ ನಮಗೇಕೆ ಎನ್ನಬೇಡಿ. ಹಾಲಿನ ಕ್ಯಾನು, ಹೂವಿನ ಬುಟ್ಟಿ, ಸೊಪ್ಪಿನ ಗಂಟು ಬೈಕಿನ ಮೇಲೆ ಸಂತೆಗೆ ಹೋಗುತ್ತವೆ. ಮಗುವಿಗೆ ಜ್ವರ ಬಂದರೆ ಬೈಕಿನ ಮೇಲೇ ಆಸ್ಪತ್ರೆಗೆ ಹೋಗುತ್ತೇವೆ. ಅದನ್ನು ಓಡಿಸುವವರು ಯಾರೇ ಇರಲಿ, ರಿಪೇರಿಯ ದುಡ್ಡು ಮನೆಯ ದುಡ್ಡು. ಎಷ್ಟೋ ಸಲ ಅದು ನಮ್ಮ ಸಂಘದ ಸಾಲ.

ಅಕ್ಕ ತಂಗಿಯ ಮಾತು

ತಂಗಿ: ಅಕ್ಕಾ, ಸಂಘದಲ್ಲಿ ಸಾಲ ತಗೊಂಡು ಬೈಕಿನ ಇಂಜಿನ್ ಬಿಚ್ಚಿಸಿ ಕಟ್ಟಿಸಿದ್ವಿ. ಹೊಸ ಪಿಸ್ಟನ್ ಹಾಕ್ಸಿದ್ವಿ. ಇನ್ನೂ ಹತ್ತು ದಿನ ಆಗಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರೆ ಅಂಗಳದಲ್ಲಿ ಎಣ್ಣೆ ಕಲೆ!

ಅಕ್ಕ: ಗ್ಯಾರೇಜಿನವರು ಏನಂದ್ರು?

ತಂಗಿ: ಮತ್ತೆ ಪೂರ್ತಿ ಬಿಚ್ಚಬೇಕು, ಮತ್ತೆ ಕೂಲಿ ಆಗುತ್ತೆ ಅಂತಾರೆ.

ಅಕ್ಕ: ಎಲ್ಲಿಂದ ಸೋರ್ತಿದೆ ಅಂತ ತೋರಿಸಿದ್ರಾ?

ತಂಗಿ: ಇಲ್ಲ. ಕೆಳಗಡೆ ಎಣ್ಣೆ ಇದೆ ಅಂದ್ರು, ಅಷ್ಟೇ.

ಅಕ್ಕ: ಹಾಗಾದ್ರೆ ಬಿಚ್ಚೋಕೆ ಮೊದ್ಲು ಹುಡುಕೋಣ. ಒಂದು ಚಿಕ್ಕ ವಾಷರ್ ಹೋಗಿರಬಹುದು. ಒಳಗಿನ ದೊಡ್ಡ ಕೆಲಸವೂ ಇರಬಹುದು. ನೋಡದೇ ಹೇಗೆ ಹೇಳೋದು?

ಅಕ್ಕ ಹೇಳಿದ್ದು ಸರಿ. ಎಣ್ಣೆ ಬಿದ್ದ ಜಾಗ ಬೇರೆ, ಸೋರುವ ಜಾಗ ಬೇರೆ. ಸೋರುವ ಜಾಗ ಗೊತ್ತಾಗದೆ ಇಂಜಿನ್ ಬಿಚ್ಚಿಸಬಾರದು.

ಇಂಜಿನ್‌ಗೆ ಎಣ್ಣೆ ಯಾಕೆ ಬೇಕು?

ಇಂಜಿನ್ ಒಳಗೆ ಲೋಹಕ್ಕೆ ಲೋಹ ಉಜ್ಜುತ್ತದೆ. ನಡುವೆ ಎಣ್ಣೆ ಇದ್ದರೆ ಜಾರುತ್ತದೆ. ಇಲ್ಲದಿದ್ದರೆ ಸವೆಯುತ್ತದೆ, ಕಾಯುತ್ತದೆ, ಕೊನೆಗೆ ಕಚ್ಚಿಕೊಂಡು ನಿಲ್ಲುತ್ತದೆ. ಇದನ್ನೇ ಇಂಜಿನ್ ಜಾಮ್ ಆಯಿತು ಎನ್ನುತ್ತಾರೆ. ಆಗ ಕಟ್ಟಿಸಿದ ದುಡ್ಡೆಲ್ಲ ಹೋದಂತೆಯೇ.

1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಬಂತು. 1994ರಲ್ಲಿ ಸ್ಪ್ಲೆಂಡರ್ ಬಂತು. ಇವು ನಾಲ್ಕು ಸ್ಟ್ರೋಕಿನ ಬೈಕುಗಳು. ಇವುಗಳಲ್ಲಿ ಸುಮಾರು ಒಂದು ಲೀಟರ್ ಎಣ್ಣೆ ಇರುತ್ತದೆ. ಇಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಅದೇ ಎಣ್ಣೆ. ಆದ್ದರಿಂದ ಸ್ವಲ್ಪ ಸೋರಿದರೂ ಲೆಕ್ಕಕ್ಕೆ ಬರುತ್ತದೆ.

ಹಳೆಯ ಜಾವಾ, ಯೆಜ್ಡಿ ಬೈಕುಗಳ ರೀತಿ ಬೇರೆ. ಅವು ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅವು ಎರಡು ಸ್ಟ್ರೋಕಿನ ಬೈಕುಗಳು. ಒಂದು ಎಣ್ಣೆಯನ್ನು ಪೆಟ್ರೋಲಿನ ಜೊತೆ ಬೆರೆಸಬೇಕು, ಅದು ಉರಿದುಹೋಗುತ್ತದೆ. ಗೇರಿನ ಎಣ್ಣೆ ಬೇರೆ. ಈ ಪಾಠದಲ್ಲಿ ನಾಲ್ಕು ಸ್ಟ್ರೋಕಿನ ಬೈಕಿನ ವಿಷಯ ಮಾತ್ರ ಹೇಳಿದೆ.

ಎಣ್ಣೆಯನ್ನು ಒಳಗೆ ಹಿಡಿದಿಡುವುದು ಯಾವುದು?

ಇಂಜಿನ್ ಒಂದೇ ತುಂಡಲ್ಲ. ಹಲವು ಭಾಗಗಳನ್ನು ಬೋಲ್ಟಿನಿಂದ ಜೋಡಿಸಿದ್ದಾರೆ. ಜೋಡಿಸಿದ ಕಡೆಯಲ್ಲೆಲ್ಲ ಎಣ್ಣೆ ತಡೆಯುವ ಸಾಮಾನು ಇದೆ. ಅವು ನಾಲ್ಕು.

1. ಗ್ಯಾಸ್ಕೆಟ್. ಇದನ್ನು ಪ್ಯಾಕಿಂಗ್ ಎಂದೂ ಕರೆಯುತ್ತಾರೆ. ಎರಡು ಭಾಗಗಳ ನಡುವೆ ಇಡುವ ತೆಳು ಹಾಳೆ ಇದು. ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ಉಗಿ ತಡೆಯುತ್ತದೆ. ಇದು ಎಣ್ಣೆ ತಡೆಯುತ್ತದೆ.

2. ಓ ರಿಂಗ್. ಬಳೆಯ ಹಾಗೆ ಇರುವ ಸಣ್ಣ ರಬ್ಬರ್ ಉಂಗುರ.

3. ಆಯಿಲ್ ಸೀಲ್. ತಿರುಗುವ ಶಾಫ್ಟ್ ಹೊರಗೆ ಬರುವ ಕಡೆ ಇರುತ್ತದೆ. ಇದಕ್ಕೆ ರಬ್ಬರಿನ ತುಟಿ ಇದೆ. ಆ ತುಟಿ ಶಾಫ್ಟನ್ನು ಸುತ್ತಲೂ ಹಿಡಿದುಕೊಳ್ಳುತ್ತದೆ.

4. ವಾಷರ್. ಎಣ್ಣೆ ಇಳಿಸುವ ಬೋಲ್ಟಿನ ಕೆಳಗೆ ಇರುತ್ತದೆ. ಆ ಬೋಲ್ಟಿಗೆ ಡ್ರೈನ್ ಬೋಲ್ಟ್ ಎಂದು ಹೆಸರು.

ಹೊಸದಾಗಿ ಕಟ್ಟಿದ ಇಂಜಿನ್ ಯಾಕೆ ಸೋರುತ್ತದೆ?

ಬಿಚ್ಚುವಾಗ ಹಳೆ ಗ್ಯಾಸ್ಕೆಟ್ ಹರಿಯುತ್ತದೆ. ಅದರ ಚೂರು ಲೋಹಕ್ಕೆ ಅಂಟಿಕೊಂಡಿರುತ್ತದೆ. ಅದನ್ನು ಪೂರ್ತಿ ತೆಗೆಯದೆ ಹೊಸದನ್ನು ಇಟ್ಟರೆ ಸಂದು ಉಳಿಯುತ್ತದೆ. ಚೂಪಾದ ಸ್ಕ್ರೂ ಡ್ರೈವರಿನಿಂದ ಕೆರೆದರೆ ಗೀರು ಬೀಳುತ್ತದೆ. ಗೀರಿನೊಳಗಿಂದ ಎಣ್ಣೆ ಬರುತ್ತದೆ.

ಕೆಲವರು ದುಡ್ಡು ಉಳಿಸಲು ಹಳೆ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕುತ್ತಾರೆ. ಅದು ಒಮ್ಮೆ ಒತ್ತಿ ಚಪ್ಪಟೆಯಾಗಿದೆ. ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಶಾಫ್ಟ್ ತೂರಿಸುವಾಗ ಅದರ ಹಲ್ಲು ತಗುಲಿ ಸೀಲಿನ ತುಟಿ ಹರಿಯಬಹುದು. ಸೀಲ್ ಓರೆಯಾಗಿ ಕೂತಿರಬಹುದು. ಹಿಂದುಮುಂದಾಗಿ ಹಾಕಿರಲೂಬಹುದು.

ಬೋಲ್ಟುಗಳನ್ನು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಿಗಿದರೆ ಮುಚ್ಚಳ ಸೊಟ್ಟಗಾಗುತ್ತದೆ. ಬೋಲ್ಟುಗಳ ಉದ್ದ ಒಂದೇ ಅಲ್ಲ. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿದರೆ ಅದು ತಳ ಮುಟ್ಟಿ ನಿಲ್ಲುತ್ತದೆ. ಬಿಗಿಯಾದಂತೆ ಕಾಣುತ್ತದೆ, ಮುಚ್ಚಳ ಮಾತ್ರ ಸಡಿಲ.

ಇನ್ನೊಂದು ಮಾತು. ಕಟ್ಟುವಾಗ ಚೆಲ್ಲಿದ ಎಣ್ಣೆ ಸಂದಿಯಲ್ಲಿ ಉಳಿದಿರುತ್ತದೆ. ಇಂಜಿನ್ ಬಿಸಿಯಾದಾಗ ಅದು ಕರಗಿ ಒಂದೆರಡು ದಿನ ತೊಟ್ಟಿಕ್ಕುತ್ತದೆ. ಅದು ಸೋರಿಕೆ ಅಲ್ಲ. ತೊಳೆದು ನೋಡಿದರೆ ಗೊತ್ತಾಗುತ್ತದೆ.

ಹುಡುಕುವ ಕ್ರಮ

ಮೊದಲ ಹೆಜ್ಜೆ: ಬಿದ್ದದ್ದು ಏನು?

ಕೆಳಗೆ ಬಿದ್ದ ಹನಿಗೆ ಬಿಳಿ ಕಾಗದ ಒತ್ತಿ. ಪೆಟ್ರೋಲ್ ಆದರೆ ಘಾಟು ಬರುತ್ತದೆ, ಬೇಗ ಆರುತ್ತದೆ. ಇಂಜಿನ್ ಎಣ್ಣೆ ಆರುವುದಿಲ್ಲ. ಬಜ್ಜಿ ಇಟ್ಟ ಕಾಗದದ ಹಾಗೆ ಕಲೆ ಉಳಿಯುತ್ತದೆ. ಹೊಸ ಎಣ್ಣೆ ಜೇನಿನ ಬಣ್ಣ, ಹಳೆಯದು ಕಪ್ಪು. ಪೆಟ್ರೋಲ್ ಆಗಿದ್ದರೆ ಹತ್ತಿರ ಬೆಂಕಿ, ಬೀಡಿ, ದೀಪ ತರಬೇಡಿ. ಬೈಕು ಓಡಿಸಬೇಡಿ. ಹನಿ ಬ್ಯಾಟರಿಯ ಕೆಳಗೆ ಬಿದ್ದಿದ್ದರೆ ಅದು ಆಸಿಡ್ ಇರಬಹುದು. ಕೈಯಿಂದ ಮುಟ್ಟಬೇಡಿ.

ಎರಡನೆಯ ಹೆಜ್ಜೆ: ಎಣ್ಣೆಯ ಮಟ್ಟ

ಬೈಕನ್ನು ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಇಂಜಿನ್ ಎರಡು ಮೂರು ನಿಮಿಷ ಓಡಲಿ. ನಿಲ್ಲಿಸಿ. ಮತ್ತೆ ಎರಡು ಮೂರು ನಿಮಿಷ ಕಾಯಿರಿ. ಎಣ್ಣೆ ಹಾಕುವ ಮುಚ್ಚಳದಲ್ಲೇ ಒಂದು ಕಡ್ಡಿ ಇದೆ. ಅದನ್ನು ತೆಗೆದು ಒರೆಸಿ. ಮತ್ತೆ ಒಳಗಿಡಿ. ಸ್ಪ್ಲೆಂಡರ್ ತರಹದ ಬೈಕಿನಲ್ಲಿ ತಿರುಗಿಸಿ ಬಿಗಿ ಮಾಡಬೇಡಿ. ಸುಮ್ಮನೆ ಕೂರಿಸಿ, ತೆಗೆಯಿರಿ. ಕಡ್ಡಿಯ ಮೇಲೆ ಎರಡು ಗೆರೆ ಇವೆ. ಎಣ್ಣೆ ಆ ಎರಡರ ನಡುವೆ ಇರಬೇಕು.

ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ಬೈಕು ಓಡಿಸಬೇಡಿ. ಮೇಲಿನ ಗೆರೆ ದಾಟಿದ್ದರೂ ತೊಂದರೆ. ಹೆಚ್ಚಾದ ಎಣ್ಣೆ ಹೊರಗೆ ಬರಲು ದಾರಿ ಹುಡುಕುತ್ತದೆ. ಆಗ ಬೇಕಾದದ್ದು ಹೆಚ್ಚಾದ ಎಣ್ಣೆ ತೆಗೆಯುವುದು ಮಾತ್ರ.

ಮೂರನೆಯ ಹೆಜ್ಜೆ: ಉಸಿರು ಪೈಪು

ಕುಕ್ಕರಿನ ಸೀಟಿ ಕಟ್ಟಿಕೊಂಡರೆ ಏನಾಗುತ್ತದೆ? ಉಗಿ ಗ್ಯಾಸ್ಕೆಟ್ ಪಕ್ಕದಿಂದ ನುಗ್ಗುತ್ತದೆ. ಇಂಜಿನ್‌ಗೂ ಸೀಟಿಯಂಥ ಒಂದು ದಾರಿ ಇದೆ. ಅದು ಒಂದು ರಬ್ಬರ್ ಪೈಪು. ಒಳಗಿನ ಗಾಳಿ ಅದರಿಂದ ಹೊರಗೆ ಹೋಗುತ್ತದೆ. ಅದಕ್ಕೆ ಬ್ರೀದರ್ ಎನ್ನುತ್ತಾರೆ. ಕಟ್ಟುವಾಗ ಅದು ಮಡಚಿಕೊಂಡಿರಬಹುದು. ಮಣ್ಣು ಕಟ್ಟಿರಬಹುದು. ಆಗ ಒಳಗೆ ಒತ್ತಡ ಹೆಚ್ಚುತ್ತದೆ. ಒಳ್ಳೆಯ ಸೀಲಿನಿಂದಲೂ ಎಣ್ಣೆ ಬರುತ್ತದೆ. ಅಂಥ ಕಡೆ ಸೀಲ್ ಬದಲಿಸಿ ಪ್ರಯೋಜನವಿಲ್ಲ. ಪೈಪು ಸರಿಮಾಡಿದರೆ ಸಾಕು.

ನಾಲ್ಕನೆಯ ಹೆಜ್ಜೆ: ತೊಳೆದು ಒರೆಸಿ

ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಇಂಜಿನ್‌ಗೆ ಸೀಮೆಎಣ್ಣೆ ತಾಗಿಸಬಾರದು, ಬೆಂಕಿ ಹತ್ತಬಹುದು. ಹಳೆ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿ. ಸಂದುಗೊಂದು ಬಿಡಬೇಡಿ. ಸೋಪಿನ ನೀರಿನಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸಿ. ಚೆನ್ನಾಗಿ ಆರಲಿ.

ಐದನೆಯ ಹೆಜ್ಜೆ: ಪೌಡರ್ ಹಾಕಿ

ಮಗುವಿನ ಮೈಗೆ ಹಾಕುವ ಪೌಡರ್ ಸಾಕು. ಜೋಡಣೆಯ ಗೆರೆಗಳ ಮೇಲೆ ತೆಳ್ಳಗೆ ಉದುರಿಸಿ. ಈಗ ಇಂಜಿನ್ ಶುರುಮಾಡಿ. ನಿಂತಲ್ಲೇ ಐದು ನಿಮಿಷ ಓಡಲಿ. ಟಾರ್ಚ್ ಹಿಡಿದು ನೋಡಿ. ಆಮೇಲೆ ಊರೊಳಗೆ ನಿಧಾನವಾಗಿ ಒಂದು ಸುತ್ತು ಹೋಗಿ ಬನ್ನಿ. ಮತ್ತೆ ನೋಡಿ. ಬಿಳಿ ಪೌಡರ್ ಎಲ್ಲಿ ಮೊದಲು ಕಪ್ಪಾಗಿ ಒದ್ದೆಯಾಯಿತೋ ಅಲ್ಲೇ ಸೋರಿಕೆ.

ನೋಡುವಾಗ ಸೆರಗು, ದುಪಟ್ಟ, ಜಡೆ ಬಿಗಿಯಾಗಿ ಕಟ್ಟಿಕೊಳ್ಳಿ. ಇಂಜಿನ್ ಓಡುವಾಗ ಚೈನಿನ ಹತ್ತಿರ ಕೈ ಇಡಬೇಡಿ. ಸೈಲೆನ್ಸರ್ ಮುಟ್ಟಬೇಡಿ.

ಎಣ್ಣೆ ಕೆಳಕ್ಕೆ ಇಳಿಯುತ್ತದೆ. ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಒದ್ದೆಯಾದ ಜಾಗದಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ನೋಡಿ. ಸ್ಪ್ಲೆಂಡರಿನಲ್ಲಿ ಬೋರ್ ಮುಂದಕ್ಕೆ ಮಲಗಿದೆ. ಹೆಡ್ ಮುಂದಿನ ಚಕ್ರದ ಕಡೆ ಇದೆ. ಹೆಡ್‌ನಲ್ಲಿ ಸೋರಿದ ಎಣ್ಣೆ ಹಿಂದೆ ಹರಿದು ಕೆಳಗಿನ ಬೋಲ್ಟಿನಿಂದ ತೊಟ್ಟಿಕ್ಕುತ್ತದೆ. ನೋಡಿದವರು ಬೋಲ್ಟೇ ಸೋರುತ್ತಿದೆ ಎನ್ನುತ್ತಾರೆ.

ಆರನೆಯ ಹೆಜ್ಜೆ: ರಾತ್ರಿ ರಟ್ಟು ಇಡಿ

ಬೈಕಿನ ಕೆಳಗೆ ಒಂದು ರಟ್ಟು ಹಾಸಿ. ಚಕ್ರ ಇರುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ. ನಿಂತಾಗಲೂ ಸೋರಿದರೆ ತೊಂದರೆ ಸಾಮಾನ್ಯವಾಗಿ ಎಣ್ಣೆ ನಿಲ್ಲುವ ಕೆಳಭಾಗದಲ್ಲಿ. ಓಡಿಸಿದಾಗ ಮಾತ್ರ ಸೋರಿದರೆ ಹೆಡ್, ಟ್ಯಾಪೆಟ್ ಮುಚ್ಚಳ, ಉಸಿರು ಪೈಪುಗಳ ಮೇಲೆ ಅನುಮಾನ ಪಡಬೇಕು.

ಎಲ್ಲಿ ಸೋರಿದರೆ ಏನು ಮಾಡಬೇಕು?

ಡ್ರೈನ್ ಬೋಲ್ಟ್: ಹೊಸ ವಾಷರ್ ಹಾಕಿ ಬಿಗಿಸಿ. ಜೋರಾಗಿ ಬಿಗಿದರೆ ಮರೆ ಸವೆದು ಹೋಗುತ್ತದೆ. ಆಗ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಟ್ಯಾಪೆಟ್ ಮುಚ್ಚಳ: ಹೆಡ್ ಮೇಲೆ ಎರಡು ಗುಂಡು ಮುಚ್ಚಳಗಳಿವೆ. ಅವುಗಳ ಓ ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಿ. ಇದಕ್ಕೆ ಇಂಜಿನ್ ಬಿಚ್ಚಬೇಕಿಲ್ಲ.

ಬಲಗಡೆಯ ಕ್ಲಚ್ ಮುಚ್ಚಳ: ಎಣ್ಣೆ ಇಳಿಸಿ, ಮುಚ್ಚಳ ತೆಗೆದು ಹೊಸ ಗ್ಯಾಸ್ಕೆಟ್ ಹಾಕಬೇಕು. ಕಿಕ್ ಹೊಡೆಯುವ ಶಾಫ್ಟಿನ ಸುತ್ತ ಒದ್ದೆಯಿದ್ದರೆ ಅದರ ಸೀಲ್ ಬದಲಿಸಬೇಕು.

ಎಡಗಡೆ ಚೈನ್ ಚಕ್ರದ ಹಿಂದೆ: ಇಲ್ಲಿ ಎಚ್ಚರ ಬೇಕು. ಚೈನಿಗೆ ಹಾಕಿದ ಗ್ರೀಸೂ ಹೀಗೇ ಕಾಣುತ್ತದೆ. ಒರೆಸಿ ನೋಡಿ. ಶಾಫ್ಟಿನ ಸುತ್ತ ಮತ್ತೆ ಎಣ್ಣೆ ಬಂದರೆ ಸೀಲ್ ಹೋಗಿದೆ. ಹಲವು ಬೈಕುಗಳಲ್ಲಿ ಚಕ್ರ ತೆಗೆದು ಹೊರಗಿನಿಂದಲೇ ಸೀಲ್ ಬದಲಿಸಬಹುದು. ಚೈನು ತುಂಬಾ ಬಿಗಿಯಾಗಿದ್ದರೆ ಹೊಸ ಸೀಲೂ ಬೇಗ ಹಾಳಾಗುತ್ತದೆ. ಅದನ್ನೂ ಸಡಿಲ ಮಾಡಿಸಿ.

ಹೆಡ್ ಮತ್ತು ಬೋರ್ ನಡುವೆ, ಬೋರಿನ ಬುಡದಲ್ಲಿ: ಇಲ್ಲಿ ಗ್ಯಾಸ್ಕೆಟ್ ಬದಲಿಸಲು ಹೆಡ್ ಬಿಚ್ಚಲೇಬೇಕು. ಆದರೆ ಗೇರಿನ ಭಾಗ ಬಿಚ್ಚಬೇಕಿಲ್ಲ. ಲೋಹದ ಮೈ ಸಮವಾಗಿದೆಯೇ ಎಂದು ನೋಡಿಸಬೇಕು.

ಇಂಜಿನ್‌ನ ಎರಡು ಹೋಳು ಸೇರುವ ನಡುಗೆರೆ: ಇಲ್ಲಿ ಸೋರಿದರೆ ಮಾತ್ರ ಪೂರ್ತಿ ಬಿಚ್ಚಬೇಕು. ಮೇಲಿನಿಂದ ಹರಿದು ಬಂದ ಎಣ್ಣೆ ಅಲ್ಲ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಹನಿ ಬೀಳುವುದಿಲ್ಲ, ಮಟ್ಟ ಇಳಿಯುತ್ತದೆ: ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದೆಯೇ ನೋಡಿ. ಬಂದರೆ ಎಣ್ಣೆ ಒಳಗೇ ಉರಿಯುತ್ತಿದೆ. ಹೊಸ ರಿಂಗು ಕೂರುವವರೆಗೆ ಸ್ವಲ್ಪ ಹೊಗೆ ಬರಬಹುದು. ನೂರಾರು ಕಿಲೋಮೀಟರ್ ಓಡಿದ ಮೇಲೂ ನಿಲ್ಲದಿದ್ದರೆ ರಿಂಗು ಅಥವಾ ವಾಲ್ವ್ ಸೀಲ್ ತೋರಿಸಬೇಕು.

ಕೆಲಸ ಮಾಡುವಾಗ ನಾವು ನೋಡಬೇಕಾದದ್ದು

ಬೋಲ್ಟುಗಳನ್ನು ಎದುರುಬದುರು ಬಿಗಿಯಬೇಕು. ಒಂದನ್ನು ಸ್ವಲ್ಪ ಬಿಗಿದು, ಅದರ ಎದುರಿನದನ್ನು ಸ್ವಲ್ಪ ಬಿಗಿಯಬೇಕು. ತಮಟೆಯ ಚರ್ಮವನ್ನು ಸುತ್ತಲೂ ಸಮವಾಗಿ ಎಳೆಯುವ ಹಾಗೆ.

ಗ್ಯಾಸ್ಕೆಟ್ ಪೇಸ್ಟ್ ಎಲ್ಲ ರೋಗಕ್ಕೂ ಮದ್ದಲ್ಲ. ಹೊರಗಿನಿಂದ ಮೆತ್ತಿದರೆ ಸೋರಿಕೆ ನಿಲ್ಲುವುದಿಲ್ಲ. ಒಳಗೆ ಹೆಚ್ಚು ಮೆತ್ತಿದರೆ ಅದರ ಚೂರು ಕಿತ್ತು ಎಣ್ಣೆಯ ಸಣ್ಣ ದಾರಿಯನ್ನು ಮುಚ್ಚುತ್ತದೆ. ಆಗ ಇಂಜಿನ್ ಎಣ್ಣೆಯಿಲ್ಲದೆ ಒಣಗುತ್ತದೆ.

ಸೀಲ್ ಹಾಕುವ ಮೊದಲು ಅದರ ತುಟಿಗೆ ಎಣ್ಣೆ ಸವರಬೇಕು. ಸ್ಪ್ರಿಂಗ್ ಕಾಣುವ ಕಡೆ ಎಣ್ಣೆಯ ಕಡೆಗೆ, ಅಂದರೆ ಒಳಕ್ಕೆ ಇರಬೇಕು.

ತಡಮಾಡಬಾರದ ಸೋರಿಕೆ

ಎಣ್ಣೆ ಹಿಂದಿನ ಟೈರಿಗೆ ಬಿದ್ದರೆ ಬೈಕು ಜಾರುತ್ತದೆ. ಬ್ರೇಕಿನೊಳಗೆ ಹೋದರೆ ಬ್ರೇಕು ಹಿಡಿಯುವುದಿಲ್ಲ. ಹಿಂದೆ ಮಗುವನ್ನು ಕೂರಿಸಿಕೊಂಡು ಹೋಗುವ ಬೈಕು ಅದು. ಟೈರು ಒದ್ದೆಯಾಗಿದ್ದರೆ ಓಡಿಸಬೇಡಿ. ಬಿಸಿ ಸೈಲೆನ್ಸರಿನ ಮೇಲೆ ಎಣ್ಣೆ ಬಿದ್ದು ಹೊಗೆಯೆದ್ದರೂ ನಿಲ್ಲಿಸಿ.

ಮೆಲ್ಲಗೆ ಜಿನುಗುವುದು ಬೇರೆ, ಹನಿ ಹನಿಯಾಗಿ ಬೀಳುವುದು ಬೇರೆ. ಜಿನುಗುತ್ತಿದ್ದರೆ ದಿನವೂ ಮಟ್ಟ ನೋಡಿಕೊಂಡು ಒಂದೆರಡು ದಿನ ಓಡಿಸಬಹುದು. ಹನಿ ಬೀಳುತ್ತಿದ್ದರೆ ರಿಪೇರಿ ಆಗುವವರೆಗೆ ನಿಲ್ಲಿಸುವುದೇ ಲೇಸು.

ಗ್ಯಾರೇಜಿನಲ್ಲಿ ಏನು ಕೇಳಬೇಕು?

ಒಂದು: "ಅಣ್ಣಾ, ಎಲ್ಲಿ ಸೋರ್ತಿದೆ, ತೋರಿಸಿ."

ಎರಡು: "ಯಾವ ಸಾಮಾನು ಬದಲಿಸ್ತೀರಿ? ಅದಕ್ಕೆಷ್ಟು, ಕೂಲಿ ಎಷ್ಟು? ಬರೆದು ಕೊಡಿ."

ಮೂರು: "ತೆಗೆದ ಹಳೆ ಸಾಮಾನು ನಮಗೆ ಕೊಡಿ."

ನಾಲ್ಕು: "ಬಿಲ್ಲು ಕೊಡಿ. ತಾರೀಖು ಹಾಕಿ."

ಒಳ್ಳೆಯ ಮೆಕ್ಯಾನಿಕ್ ಈ ಮಾತಿಗೆ ಬೇಸರ ಮಾಡಿಕೊಳ್ಳುವುದಿಲ್ಲ. ಜಾಗ ತೋರಿಸಿದರೆ ಅವರ ಕೆಲಸವೂ ಹಗುರ.

ದುಡ್ಡು ಕೊಟ್ಟು ಮಾಡಿಸಿದ ರಿಪೇರಿ ಒಂದು ಸೇವೆ. ಸೇವೆಯಲ್ಲಿ ಕೊರತೆಯಾದರೆ ಕೇಳುವ ಹಕ್ಕು ನಮಗಿದೆ. 1986ರಲ್ಲಿ ಗ್ರಾಹಕರ ರಕ್ಷಣೆಗೆ ಕಾಯಿದೆ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯಿದೆ 2020ರ ಜುಲೈನಲ್ಲಿ ಜಾರಿಯಾಯಿತು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಮೊದಲು ಗ್ಯಾರೇಜಿನವರ ಜೊತೆ ಮಾತಾಡಿ. ಮಾತಿಗೆ ಬಲ ಕೊಡುವುದು ಬಿಲ್ಲು ಮತ್ತು ನೀವು ಬರೆದಿಟ್ಟ ಚೀಟಿ.

ಚೀಟಿ ಹೀಗೆ ಬರೆಯಿರಿ

ತಾರೀಖು:
ಮೀಟರಿನಲ್ಲಿ ಎಷ್ಟು ಕಿಲೋಮೀಟರ್:
ಎಣ್ಣೆಯ ಮಟ್ಟ: ಮೇಲಿನ ಗೆರೆ / ನಡುವೆ / ಕೆಳಗಿನ ಗೆರೆ
ಒದ್ದೆಯಾದ ಜಾಗ: ಮುಂದೆ / ಎಡ / ಬಲ / ಕೆಳಗೆ
ಸೋರಿದ್ದು: ನಿಂತಾಗ / ಓಡಿದಾಗ
ಮಾಡಿಸಿದ ಕೆಲಸ:
ಕೊಟ್ಟ ಹಣ:

ಹಳೆ ಎಣ್ಣೆ ಏನು ಮಾಡಬೇಕು?

ಇಳಿಸಿದ ಎಣ್ಣೆಯನ್ನು ಬಾವಿ, ಕೆರೆ, ಚರಂಡಿಗೆ ಸುರಿಯಬೇಡಿ. ಅದು ನೀರು, ಮಣ್ಣು ಎರಡನ್ನೂ ಕೆಡಿಸುತ್ತದೆ. ದನದ ಗಾಯಕ್ಕೆ, ಮಕ್ಕಳ ಕಜ್ಜಿಗೆ ಹಚ್ಚಬೇಡಿ. ಅದು ಔಷಧಿಯಲ್ಲ, ವಿಷ. ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆ ಕೂಡಿಸುವ ಗ್ಯಾರೇಜಿಗೆ ಕೊಡಿ. ಕೈಯನ್ನು ಸೋಪು ಹಾಕಿ ತೊಳೆಯಿರಿ.

ನೆನಪಿಡಿ

ಒರೆಸದೆ ಹುಡುಕಬೇಡಿ. ಹುಡುಕದೆ ಬಿಚ್ಚಿಸಬೇಡಿ. ಬಿಲ್ಲಿಲ್ಲದೆ ದುಡ್ಡು ಕೊಡಬೇಡಿ.

ಓದಿ, ಬರೆಯಿರಿ

ಗ್ಯಾಸ್ಕೆಟ್, ಓ ರಿಂಗ್, ಆಯಿಲ್ ಸೀಲ್, ವಾಷರ್, ಡ್ರೈನ್ ಬೋಲ್ಟ್, ಬ್ರೀದರ್.

ಉತ್ತರ ಹೇಳಿ

1. ಕೆಳಗೆ ಬಿದ್ದದ್ದು ಪೆಟ್ರೋಲೋ ಎಣ್ಣೆಯೋ ಎಂದು ಹೇಗೆ ತಿಳಿಯುತ್ತೀರಿ?
2. ಉಸಿರು ಪೈಪು ಕಟ್ಟಿಕೊಂಡರೆ ಏನಾಗುತ್ತದೆ?
3. ಯಾವ ಜಾಗದಲ್ಲಿ ಸೋರಿದರೆ ಇಂಜಿನ್ ಪೂರ್ತಿ ಬಿಚ್ಚಬೇಕು?
4. ಟೈರಿಗೆ ಎಣ್ಣೆ ಬಿದ್ದರೆ ಯಾಕೆ ಅಪಾಯ?

ಲೆಕ್ಕ ಮಾಡಿ

ಒಂದು ಬೈಕಿಗೆ 900 ಮಿಲಿ ಲೀಟರ್ ಎಣ್ಣೆ ಹಾಕಿದರು. ವಾರಕ್ಕೆ 50 ಮಿಲಿ ಲೀಟರ್ ಸೋರುತ್ತದೆ. 4 ವಾರದಲ್ಲಿ ಎಷ್ಟು ಸೋರಿತು? ಎಷ್ಟು ಉಳಿಯಿತು?

ಮಾಡಿ ನೋಡಿ

ನಿಮ್ಮ ಮನೆಯ ಅಥವಾ ನೆರೆಮನೆಯ ಬೈಕಿನ ಎಣ್ಣೆಯ ಮಟ್ಟ ನೋಡಿ. ಮೇಲಿನ ಚೀಟಿಯ ಹಾಗೆ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಂಘದ ಸಭೆಯಲ್ಲಿ ಓದಿ ಹೇಳಿ.